ಒಗೆದು ಕಳಿಸಿದ ಅಂಗಿ

ವಖ್ಶ್ ಬಯಲು
4 ನವೆಂಬರ್ 1996

ಗುಲಂದೋಮ್ ಎನ್ನುವವಳಿಗೆ,

ಈ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಕೊಟ್ಟವರಿಗೆ ಒಳ್ಳೆಯದಾಗದಿರಲಿ. ಮೂರನೆಯ ತರಗತಿಯಲ್ಲಿದ್ದಾಗ ಹತ್ತಿ ಬಿಡಿಸಲು ಎಳೆದುಕೊಂಡು ಹೋದರು. ಅಲ್ಲಿಂದೀಚೆಗೆ ಸಂಬಳ ತೆಗೆದುಕೊಳ್ಳುವಾಗ ಹೆಸರು ಗೀಚಿದ್ದು ಬಿಟ್ಟರೆ ನಾನು ಬರೆದವಳಲ್ಲ. ಕೈದಿಗಳ ವಿನಿಮಯಕ್ಕೆ ಒಂದು ಸಮಿತಿ ಇದೆಯಂತೆ, ಅದರ ಮೇಜರ್ ಒಬ್ಬ ಮನೆಗೆ ಬಂದ. "ಅಮ್ಮಾ, ನೀವೇ ಒಂದ್ ಕಾಗದ ಬರೀರಿ. ತಾಯಿ ಕಾಗದ ಅಂದ್ರೆ ಬೆಟ್ಟದೋರ ಮನಸ್ಸು ಕರಗುತ್ತೆ" ಅಂದ. "ಕರಗೋಕೆ ಅವರೇನು ಬೆಣ್ಣೆನಾ? ಕಾಗದ ನಾನು ಬರೆದ್ರೆ ನೀನು ಸಂಬಳ ತಗೊಳ್ಳೋದು ಯಾತಕ್ಕೆ?" ಅಂದೆ. ಚಹಾ ಕುಡಿದು, ಇನ್ನೊಂದು ಬಟ್ಟಲು ಕೇಳಿ ಕುಡಿದು, ಹೋದ.

ವಿಷಯಕ್ಕೆ ಬರುತ್ತೇನೆ. ನಾನು ತೋಜಿನಿಸೊ. ನಿನ್ನ ಹಿರಿಯ ಮಗ ಕಮೋಲ್ ಬೆಟ್ಟದ ಬಂಡುಕೋರರ ನಾಯಕ. ಹೋದ ತಿಂಗಳು ಅವನ ಜನ ಕಣಿವೆಯ ದಾರಿಯಲ್ಲಿ ಜೀಪು ನಿಲ್ಲಿಸಿ ನನ್ನ ಮಗ ಝರೀಫನನ್ನು ಹಿಡಿದುಕೊಂಡು ಹೋದರು. ಝರೀಫ್ ಈ ಜಿಲ್ಲೆಯ ರಾಯಿಸ್, ಅಂದರೆ ಸರ್ಕಾರದ ಅಧ್ಯಕ್ಷ. ಕುರ್ಚಿಗೆ ಬರುವ ಮೊದಲು ಬಂದೂಕು ಹಿಡಿದು ಹೊಡೆದಾಡಿದವ. ಕುರ್ಚಿ ಸಿಕ್ಕ ಮೇಲೂ ಮೇಜಿನ ಮೇಲೆ ಪಿಸ್ತೂಲು ಇಟ್ಟುಕೊಂಡೇ ಸಹಿ ಹಾಕುತ್ತಿದ್ದ. ಅವನು ನಿಮ್ಮವರಿಗೆ ಏನೂ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. ನಾನು ಹೆತ್ತದ್ದು ಮಗನನ್ನು, ದೇವದೂತನನ್ನಲ್ಲ.

ನಿನ್ನ ಕಿರಿಯ ಮಗ ಇದಿಬೆಕ್ ನಮ್ಮ ಊರಿನ ಜೈಲಿನಲ್ಲಿದ್ದಾನೆ. ಹೋಗಿ ನೋಡಿ ಬಂದೆ. ಗುಂಡುಕಲ್ಲಿನ ಹಾಗಿದ್ದಾನೆ. ಅವನ ಚಿಂತೆ ಬಿಡು.

ನನ್ನವನು ಬದುಕಿದ್ದಾನೆ ಎಂಬುದಕ್ಕೆ ಒಂದು ಗುರುತು ಕಳಿಸು. ಬರೀ ಮಾತು ಬೇಡ, ಅದು ರೇಡಿಯೋದಲ್ಲೂ ಬರುತ್ತದೆ. ಕೈಯಲ್ಲಿ ಹಿಡಿದು ನೋಡುವಂಥದ್ದು ಏನಾದರೂ. ಆಲೂಗಡ್ಡೆ ಲಾರಿಯ ಹೈಬುಲ್ಲೊನನ್ನು ಎರಡೂ ಕಡೆಯ ಕಾವಲುಗಟ್ಟೆಯವರು ಬಿಡುತ್ತಾರೆ, ಅವನ ಕೈಗೆ ಕೊಡು.

ತೋಜಿನಿಸೊ


ಮೇಲಿನ ಹಳ್ಳಿ
17 ನವೆಂಬರ್ 1996

ರಾಯಿಸನ ತಾಯಿಗೆ,

ಸಲಾಮು. ನಿಮ್ಮ ಕಡೆ ಕಾಗದಕ್ಕೆ ಸಲಾಮು ಹಾಕುವ ಪದ್ಧತಿ ಹೋಗಿರಬಹುದು, ನಮ್ಮಲ್ಲಿ ಇನ್ನೂ ಇದೆ.

ನಿಮ್ಮ ಮಗ ಬದುಕಿದ್ದಾನೆ. ನಮ್ಮ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿದ್ದಾನೆ. ನನ್ನ ಆಲೂಗಡ್ಡೆ ತಿನ್ನುತ್ತಾನೆ, ತಿಂದು ನನ್ನ ಮಗನನ್ನು ಬೈಯುತ್ತಾನೆ. ಬಂದ ದಿನವೇ ಒಂದು ಕುರ್ಚಿ ಕೇಳಿದ. "ನಾನು ಸರ್ಕಾರದ ಪ್ರತಿನಿಧಿ, ನೆಲದ ಮೇಲೆ ಕೂತು ವಿಚಾರಣೆಗೆ ಉತ್ತರ ಕೊಡಲ್ಲ" ಅಂದನಂತೆ. ನಮ್ಮ ಹಳ್ಳಿಯಲ್ಲಿ ಇರುವ ಒಂದೇ ಕುರ್ಚಿ ಕ್ಷೌರದವನದು. ಅದರ ಮೇಲೆ ಕೂತೇ ನನ್ನ ಮಗನಿಗೆ ರಾಜ್ಯದ ಕಾನೂನು ಹೇಳಿಕೊಡುತ್ತಿದ್ದಾನೆ.

ನೀವು ಗುರುತು ಕೇಳಿದಿರಿ. ಹಿಡಿದ ದಿನ ಮೈಮೇಲಿದ್ದ ಅವನ ಬಟ್ಟೆಯನ್ನು ಈ ಕಾಗದದ ಜೊತೆ ಗಂಟು ಕಟ್ಟಿ ಕಳಿಸಿದ್ದೇನೆ. ಅವನಿಗೆ ತೀರಿಹೋದ ನನ್ನ ಗಂಡನ ನಿಲುವಂಗಿ ಕೊಟ್ಟಿದ್ದೇನೆ, ಬೆಚ್ಚಗಿದೆ. ಅಂಗಿಗೆ ಒಂದು ಗುಂಡಿ ಇರಲಿಲ್ಲ. ರಾಯಿಸನ ಮನೆಯಲ್ಲಿ ಸೂಜಿ ಹಿಡಿಯುವವರು ಇಲ್ಲವೇನೋ ಎಂದುಕೊಂಡು ನಾನೇ ಹೊಲಿದೆ.

ಇದಿಬೆಕ್ ಗುಂಡುಕಲ್ಲಿನ ಹಾಗಿದ್ದಾನೆ ಎಂದು ಬರೆದಿದ್ದೀರಿ. ಅವನು ಹುಟ್ಟಿದಾಗಿನಿಂದ ಕಡ್ಡಿಯ ಹಾಗಿರುವ ಹುಡುಗ. ನೀವು ನೋಡಿದ್ದು ಅವನನ್ನೇ ಹೌದೇ?

ಗುಲಂದೋಮ್


ವಖ್ಶ್ ಬಯಲು
29 ನವೆಂಬರ್ 1996

ಗುಲಂದೋಮ್,

ಸಲಾಮು ಇಲ್ಲ. ನಿನ್ನ ಉತ್ತರ ನೋಡಿ ಆಮೇಲೆ ಹೇಳಬೇಕಾದರೆ ಹೇಳುತ್ತೇನೆ.

ಗಂಟು ಬಂತು, ಕಾಗದ ಬರಲಿಲ್ಲ. ಕಾವಲುಗಟ್ಟೆಯಲ್ಲಿ ಕಾಗದ ಕಿತ್ತುಕೊಂಡು ಗಂಟು ಮಾತ್ರ ಬಿಟ್ಟರು ಎಂದ ಹೈಬುಲ್ಲೊ. ಅದರಲ್ಲಿ ಏನು ಬರೆದಿದ್ದೆಯೋ ದೇವರಿಗೇ ಗೊತ್ತು. ಗಂಟು ಬಿಚ್ಚಿದೆ. ಅಂಗಿ, ಷರಾಯಿ, ಕೋಟು. ಒಗೆದು, ಒಣಗಿಸಿ, ಮಡಚಿ ಇಟ್ಟಿದ್ದೀಯ.

ನೀನು ಯಾವ ಊರಲ್ಲಿ ಹುಟ್ಟಿದವಳು? ಸತ್ತವನ ಬಟ್ಟೆಯನ್ನು ಮೂರನೆಯ ದಿನ ಒಗೆಯುವುದು ನಿಮ್ಮಲ್ಲಿ ಇಲ್ಲವೇ? ಇದೆ. ಹತ್ತಿ ಬೆಳೆಯಲೆಂದು ನಿಮ್ಮ ಬೆಟ್ಟದಿಂದ ಇಳಿಸಿದ ಜನ ನಮ್ಮ ಪಕ್ಕದ ಬೀದಿಯಲ್ಲೇ ಇದ್ದಾರೆ, ಅವರ ಮನೆಯ ಸಾವುಗಳಿಗೆಲ್ಲ ಹೋಗಿ ಬಂದಿದ್ದೇನೆ. ಹಾಗಿರುವಾಗ ಮನುಷ್ಯನನ್ನು ಬಿಟ್ಟು ಒಗೆದ ಬಟ್ಟೆಯನ್ನು ಮನೆಗೆ ಕಳಿಸಿದರೆ ಆ ಮನೆಯವರು ಏನೆಂದುಕೊಳ್ಳಬೇಕು?

ಸೊಸೆ ನಿಗೋರಾ ಕೂಗಿದ ಕೂಗಿಗೆ ಬೀದಿಗೆ ಬೀದಿಯೇ ಓಡಿ ಬಂತು. ಅವಳು ಜಡೆ ಬಿಚ್ಚಿ ಹಾಕಿದಳು, ನೆರೆಯವಳು ಸೂತಕದ ನೀಲಿ ಬಟ್ಟೆ ತಂದುಕೊಟ್ಟಳು. ನಾನು ಒಲೆಯ ಮುಂದಿನಿಂದ ಏಳುವಷ್ಟರಲ್ಲಿ ಗಂಡಸರು ಸೊಂಟಕ್ಕೆ ಬಟ್ಟೆ ಬಿಗಿದು, ಕೋಲು ಊರಿಕೊಂಡು, ಶವಯಾತ್ರೆಗೆ ನಿಲ್ಲುವ ಹಾಗೆ ಬಾಗಿಲಲ್ಲಿ ಸಾಲಾಗಿ ನಿಂತುಬಿಟ್ಟಿದ್ದರು. ಹೈಬುಲ್ಲೊ ನಡುವೆ ಸಿಕ್ಕಿ, "ನನಗೇನ್ ಗೊತ್ತು ಅಮ್ಮಾ, ಗಂಟು ಕೊಟ್ರು, ತಂದೆ. ಒಳಗಿದ್ದೋರನ್ನ ನಾನು ನೋಡಿಲ್ಲ. ಆ ಅಜ್ಜಿ ಮಾತ್ರ ಅಳ್ತಾ ಇರ್ಲಿಲ್ಲ" ಅಂದ. "ಶತ್ರು ಸತ್ರೆ ಯಾರ್ ಅಳ್ತಾರೋ!" ಎಂದು ಎಲ್ಲರೂ ಅವನ ಮೇಲೆ ಬಿದ್ದರು.

ಆಮೇಲೆ ಶೆರಲಿ ಬಂದ. ಝರೀಫನ ಜೊತೆ ಬಂದೂಕು ಹಿಡಿದವ, ಅವನ ಹಿಂದೆ ಇನ್ನಷ್ಟು ಬಂದೂಕುಗಳು.

"ಅಮ್ಮಾ, ಒಬ್ಬನಿಗೆ ಒಬ್ಬ. ಜೈಲಲ್ಲಿರೋ ಆ ಬೆಟ್ಟದವನನ್ನ ನಾವು ಕರ್ಕೊಂಡು ಹೋಗ್ತೀವಿ. ನೀವು ಹೂಂ ಅಂದ್ರೆ ಸಾಕು."

"ಯಾರಿಗೆ ಒಬ್ಬ? ಹೆಣ ಎಲ್ಲಿ?"

"ಬಟ್ಟೆ ಒಗೆದು ಕಳಿಸಿದಾರಲ್ಲಮ್ಮಾ, ಅಣಕಿಸೋಕೆ. ಇನ್ನೇನ್ ಬೇಕು?"

ನಾನು ಅಂಗಿ ತೆಗೆದು ಅವನ ಮುಖಕ್ಕೆ ಹಿಡಿದೆ. ಮನೆಯಿಂದ ಹೊರಡುವಾಗ ಆ ಅಂಗಿಯ ಎದೆಯ ಮೇಲಿನ ಗುಂಡಿ ಇರಲಿಲ್ಲ. "ಬಂದ್ ಮೇಲೆ ಹೊಲ್ಕೊಡ್ತೀನಿ" ಎಂದು ನಿಗೋರಾ ಹೇಳಿದ್ದು ನನ್ನ ಕಿವಿಯಲ್ಲೇ ಇದೆ. ಈಗ ಅಲ್ಲಿ ಒಂದು ಕರಿ ಗುಂಡಿ, ಗೋಣಿ ಹೊಲಿಯುವ ದಾರದಲ್ಲಿ ಬಿಗಿಯಾಗಿ ಹೊಲಿದದ್ದು.

"ಸತ್ತವನ ಅಂಗಿಗೆ ಗುಂಡಿ ಹೊಲಿಯೋಳು ಯಾವಳೋ ಶೆರಲಿ? ನಿಮ್ಮಮ್ಮ ಹೊಲೀತಾಳಾ?"

"ಇಲ್ಲ."

"ಸತ್ತವನ ಬಟ್ಟೆ ಒಗೆದ್ ಮೇಲೆ ಯಾರಿಗೆ ಹೋಗುತ್ತೆ?"

"ಹೆಣ ತೊಳೆದವರಿಗೆ."

"ಮನೆಗೆ ಬರುತ್ತಾ?"

"ಬರಲ್ಲ..."

"ಅಣಕಿಸೋನು ರಕ್ತ ಮೆತ್ತಿದ ಅಂಗಿ ಕಳಿಸ್ತಾನೋ, ಗುಂಡಿ ಹೊಲಿದು ಕಳಿಸ್ತಾನೋ? ಸೊಂಟದ ಬಟ್ಟೆ ಬಿಚ್ಚಿ ಎಲ್ಲಾರೂ! ಬೆಟ್ಟದಿಂದ ಮಾತು ಬರೋವರೆಗೂ ಈ ಮನೇಲಿ ಅಳೋ ಹಕ್ಕು ಇರೋದು ನನಗೊಬ್ಬಳಿಗೆ, ನಾನು ಅಳ್ತಾ ಇಲ್ಲ."

ಬಿಚ್ಚಿದರು. ಆದರೆ ಶೆರಲಿಯ ಕಣ್ಣು ಒಪ್ಪಲಿಲ್ಲ. ಜೈಲಿನ ಮುಖ್ಯಸ್ಥ ಹೆದರುಪುಕ್ಕಲ, ನಾಲ್ಕು ಬಂದೂಕು ಕಂಡರೆ ಬೀಗದ ಕೈ ಅವನೇ ತಂದುಕೊಡುತ್ತಾನೆ. ಅದಕ್ಕೆ ನಾನು ಮನೆಯಿಂದ ಹತ್ತಿಯ ಹಾಸಿಗೆ, ಚಹಾದ ಕೆಟಲು ತರಿಸಿಕೊಂಡು ಜೈಲಿನ ಬಾಗಿಲಿಗೆ ಅಡ್ಡ ಕೂತಿದ್ದೇನೆ. ಈ ಕಾಗದವನ್ನೂ ಅಲ್ಲೇ ಕೂತು ಬರೆಯುತ್ತಿದ್ದೇನೆ. ರಾಯಿಸನ ತಾಯಿಯನ್ನು ದಾಟಿಕೊಂಡು ಒಳಗೆ ಹೋಗುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ. ನಾನು ಎದ್ದರೆ ನಿನ್ನ ಮಗ ಉಳಿಯುವುದಿಲ್ಲ, ತಿಳಿದುಕೋ. ನನ್ನ ಮೊಣಕಾಲು ಎಷ್ಟು ದಿನ ತಡೆಯುತ್ತದೆಂದು ನನಗೂ ಗೊತ್ತಿಲ್ಲ.

ಒಂದೇ ಪ್ರಶ್ನೆ. ಝರೀಫ್ ಇದ್ದಾನೋ, ಇಲ್ಲವೋ? ಸುತ್ತಿ ಬಳಸಿ ಬರೆಯಬೇಡ.

ತೋಜಿನಿಸೊ


ಮೇಲಿನ ಹಳ್ಳಿ
9 ಡಿಸೆಂಬರ್ 1996

ಅಪಾ,

ಇದ್ದಾನೆ, ಇದ್ದಾನೆ, ಇದ್ದಾನೆ. ಮೊದಲು ಇದನ್ನು ಓದಿ, ಆಮೇಲೆ ಉಸಿರು ಬಿಡಿ. ಉಳಿದದ್ದನ್ನು ನಿಧಾನಕ್ಕೆ ಓದಿದರೂ ಸರಿ.

ನಿಮ್ಮನ್ನು ಅಕ್ಕ ಎಂದು ಕರೆಯುತ್ತಿದ್ದೇನೆ. ನನ್ನ ಮಗನ ಬಾಗಿಲಿಗೆ ಅಡ್ಡ ಕೂತವಳನ್ನು ಇನ್ನೇನೆಂದು ಕರೆಯಲಿ?

ಬಟ್ಟೆ ಒಗೆದ ಈ ಕೈಗೆ ಬೆಂಕಿ ಬೀಳಲಿ. ನಿಮಗೆ ಮುಚ್ಚಿಟ್ಟದ್ದನ್ನು ಈಗ ಹೇಳಿಬಿಡುತ್ತೇನೆ. ಹಿಡಿಯುವಾಗ ಅವನ ತೊಡೆಗೆ ಗುಂಡು ತಾಗಿತ್ತು. ಷರಾಯಿ, ಅಂಗಿಯ ಅಂಚು ಎಲ್ಲ ರಕ್ತ. ತಾಯಿಯೊಬ್ಬಳು ಗಂಟು ಬಿಚ್ಚಿ ಇದನ್ನು ನೋಡಬಾರದು ಎನಿಸಿತು. ತಣ್ಣೀರಲ್ಲಿ ಮೂರು ಸಲ ಉಜ್ಜಿದೆ, ಷರಾಯಿಯ ತೂತನ್ನು ಕಾಣದ ಹಾಗೆ ಒಳಗಿನಿಂದ ಹೊಲಿದೆ. ಕಲೆ ಹೋಯಿತಲ್ಲ ಎನ್ನುವ ಖುಷಿಯಲ್ಲಿ ಬೇರೆ ಏನೂ ತಲೆಗೆ ಹೊಳೆಯಲಿಲ್ಲ. ನನ್ನ ಗಂಡನ ಬಟ್ಟೆಯನ್ನೂ ಮೂರನೆಯ ದಿನ ಹೀಗೆಯೇ ಒಗೆದರು, ನಾನೇ ನೀರು ಹೊಯ್ದಿದ್ದೆ. ಆದರೂ ಹೊಳೆಯಲಿಲ್ಲ. ಕಾಗದ ಜೊತೆಗಿದೆಯಲ್ಲ ಎಂದುಕೊಂಡಿದ್ದೆ.

ಗಾಯ ಮಾಯುತ್ತಿದೆ, ಕುಂಟುತ್ತಾ ನಡೆಯುತ್ತಾನೆ. ನಿಮ್ಮ ಕಾಗದವನ್ನು ಅವನಿಗೆ ಓದಿ ಹೇಳಿದೆ. ಗುಂಡಿಯ ಮಾತು ಬಂದಾಗ ಜೋರಾಗಿ ನಕ್ಕ. ಜೈಲಿನ ಬಾಗಿಲ ಮಾತು ಬಂದಾಗ ಮುಖ ಆ ಕಡೆ ತಿರುಗಿಸಿ, "ಅಮ್ಮನ್ನ ಎಬ್ಬಿಸೋಕೆ ಸೈನ್ಯ ಸಾಲದು" ಅಂದ.

ಈಗ ಕಷ್ಟದ ಮಾತು. ನನ್ನ ಕಮೋಲ್‌ಗೆ ದುರಾಸೆ ಹಿಡಿದಿದೆ. "ರಾಯಿಸ್ ಅಂದ್ರೆ ದೊಡ್ಡ ಮೀನು, ಐದು ಜನರನ್ನ ಬಿಟ್ರೆ ಮಾತ್ರ ಕೊಡೋದು" ಅನ್ನುತ್ತಾನೆ. ನಿಮ್ಮ ಮಗ ಅದಕ್ಕೆ ತಣ್ಣೀರು ಎರಚುವುದು ಬಿಟ್ಟು, "ಐದಾ? ನಾನು ಹತ್ತು ಜನಕ್ಕೆ ಸಮ! ಅವಮಾನ ಮಾಡ್ಬೇಡ" ಎಂದು, ಕೇಳಿ ತರಿಸಿಕೊಂಡ ಕ್ಷೌರದವನ ಕುರ್ಚಿ ಕುಟ್ಟುತ್ತಾನೆ. ಇಬ್ಬರೂ ದಿನವಿಡೀ ಇದೇ ಜಗಳ. ನನ್ನ ಮಗನೇ ನಿಮ್ಮ ಮಗನ ಪರ ಚೌಕಾಸಿ ಮಾಡುತ್ತಿದ್ದಾನೋ, ನಿಮ್ಮ ಮಗನೇ ನನ್ನವನ ಪರ ಮಾಡುತ್ತಿದ್ದಾನೋ ತಿಳಿಯುವುದಿಲ್ಲ. ಹೀಗೇ ಬಿಟ್ಟರೆ ವಸಂತ ಬರುತ್ತದೆ, ದಾರಿಯ ಹಿಮ ಕರಗುತ್ತದೆ, ಬಂದೂಕುಗಳು ಹೊರಡುತ್ತವೆ. ಆಮೇಲೆ ಯಾರೂ ಯಾರನ್ನೂ ಬಿಡುವುದಿಲ್ಲ.

ಗುರುತು ಕಳಿಸಿದ್ದೇನೆ. ಅವನ ಕಾಲುಚೀಲ. ಈ ಸಲ ನೀರು ತೋರಿಸಿಲ್ಲ, ಕಾಲಿಂದ ಎಳೆದದ್ದೇ ಗಂಟಿಗೆ ಹಾಕಿದೆ. ಮೂಗು ಮುಚ್ಚಿಕೊಂಡು ಬಿಚ್ಚಿ. ಕಾಗದವನ್ನು ಹೈಬುಲ್ಲೊನ ಟೋಪಿಯ ಒಳಗೆ ಹೊಲಿದಿದ್ದೇನೆ.

ನನ್ನ ಮಗನ ಬಗ್ಗೆ ನಿಜ ಬರೆಯಿರಿ.

ಗುಲಂದೋಮ್


ವಖ್ಶ್ ಬಯಲು
20 ಡಿಸೆಂಬರ್ 1996

ತಂಗಿ ಗುಲಂದೋಮ್,

ಸಲಾಮು. ಹೋದ ಸಲದ್ದೂ ಸೇರಿಸಿ ಎರಡು.

ಜೈಲಿನ ಬಾಗಿಲಲ್ಲಿ ನಿಗೋರಾಳನ್ನು ಕೂರಿಸಿ, ಕಾಲುಚೀಲವನ್ನು ಕೋಲಿಗೆ ಸಿಕ್ಕಿಸಿ ಬೀದಿಯುದ್ದಕ್ಕೂ ಹಿಡಿದುಕೊಂಡು ನಡೆದೆ. ಸತ್ತವನ ಕಾಲು ಹೀಗೆ ನಾರುವುದಿಲ್ಲ! ಮುಲ್ಲಾ ಎದುರಿಗೆ ಬಂದ, ಗಡ್ಡ ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ಸರಿದ. "ಏನ್ ಮುಲ್ಲಾ, ಸೂತಕದ ಪಲಾವ್‌ಗೆ ಆಗ್ಲೇ ಅಕ್ಕಿ ನೆನೆಹಾಕಿದ್ರಂತೆ?" ಎಂದು ಕೇಳಿದೆ. ಶೆರಲಿಯ ಮೂಗಿನ ಹತ್ತಿರ ಹಿಡಿದೆ. "ಇದು ರಾಯಿಸ್ದೇ ಅಮ್ಮಾ, ನಾನು ಒಂದೇ ಗುಡಾರದಲ್ಲಿ ಮಲಗಿದ್ದವನು, ಸಾಕು, ನಂಬಿದೆ, ತೆಗೀರಿ!" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಗುವುದೋ ಅಳುವುದೋ ಅವನಿಗೇ ತಿಳಿಯದೆ ಗೋಡೆಗೆ ಆತು ಕೂತ. ನಿಗೋರಾ ಆ ನೀಲಿ ಬಟ್ಟೆಯನ್ನು ಒಲೆ ಒರೆಸಲು ಹಾಕಿದ್ದಾಳೆ. ಇಷ್ಟು ವರ್ಷದಲ್ಲಿ ಈ ಬೀದಿ ಹೀಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ.

ಈಗ ನಿನ್ನ ಮಗ. ಗುಂಡುಕಲ್ಲು ಎಂದದ್ದು ಸುಳ್ಳು. ಕಡ್ಡಿಯ ಹಾಗಿದ್ದಾನೆ. ಮೊದಲ ಸಲ ನೋಡಿದಾಗ ಕೆಮ್ಮಿ ಕೆಮ್ಮಿ ಗೋಡೆ ಹಿಡಿದು ನಿಂತಿದ್ದ. ಬರೆದರೆ ನಿನ್ನ ದೊಡ್ಡ ಮಗ ಸಿಟ್ಟಿಗೆದ್ದು ನನ್ನವನನ್ನು ಏನಾದರೂ ಮಾಡಿಯಾನು ಎಂದು ಮುಚ್ಚಿಟ್ಟೆ. ಅದರಲ್ಲಿ ನಾಚಿಕೆ ಏನಿಲ್ಲ, ನೀನೂ ಮುಚ್ಚಿಟ್ಟೆ. ಬಾಗಿಲಿಗೆ ಕೂತ ದಿನದಿಂದ ಅವನ ಊಟ ನನ್ನ ಕೆಟಲಿನ ಪಕ್ಕದಿಂದಲೇ ಹೋಗುತ್ತದೆ. ಕುರಿಬಾಲದ ಕೊಬ್ಬು ಹಾಕಿದ ಬಿಸಿ ಶೂರ್ಬಾ ಸಾರು, ಈರುಳ್ಳಿ, ಒಣ ಮಲ್ಬೆರಿ. ಕೆಮ್ಮು ಇಳಿದಿದೆ. ನೆನ್ನೆ "ಅಜ್ಜೀ, ಉಪ್ಪು ಕಮ್ಮಿ" ಎಂದ. ಕೈದಿ ಉಪ್ಪಿನ ಬಗ್ಗೆ ದೂರುತ್ತಾನೆ ಎಂದರೆ ಬದುಕಿಕೊಂಡ ಎಂದೇ ಅರ್ಥ.

ಝರೀಫನಿಗೆ ಇದನ್ನು ಓದಿ ಹೇಳು: ಹತ್ತು ಜನಕ್ಕೆ ಸಮನಂತೆ! ಹೆತ್ತವಳು ನಾನು, ನನಗೆ ಗೊತ್ತು. ಒಂದೇ ಸಲ ನೋವು ತಿಂದೆ, ಒಬ್ಬನೇ ಹುಟ್ಟಿದ. ಒಬ್ಬನಿಗೆ ಒಬ್ಬ. ಇನ್ನೊಂದು ಸಲ ಬಾಯಿ ಬಿಟ್ಟರೆ ಕ್ಷೌರದವನ ಕುರ್ಚಿಯ ಜೊತೆ ಅವನನ್ನೂ ಅಲ್ಲೇ ಇಟ್ಟುಕೊಳ್ಳಿ.

ಸಮಿತಿಯವರು ಇನ್ನೂ ಯಾವ ಮೇಜಿನ ಮೇಲೆ ಮಾತಾಡಬೇಕೆಂದು ಮಾತಾಡುತ್ತಿದ್ದಾರೆ. ನೀನು ಕಮೋಲನನ್ನು ಬಗ್ಗಿಸು, ನಾನು ಮೇಜರನನ್ನು ಎಳೆದುಕೊಂಡು ಬರುತ್ತೇನೆ. ಜನವರಿ ಐದಕ್ಕೆ, ಉಪವಾಸದ ತಿಂಗಳು ಹುಟ್ಟುವ ಮೊದಲು, ಸುರ್ಖೋಬ್ ಹೊಳೆಯ ಸೇತುವೆ. ನಿನ್ನ ಮಗನ ಕೈ ಹಿಡಿದು ನಾನೇ ಬರುತ್ತೇನೆ. ನನ್ನವನ ಕೈ ನೀನು ಹಿಡಿದು ಬಾ. ಮುದುಕಿಯರ ಮೇಲೆ ಯಾರು ಮೊದಲು ಗುಂಡು ಹಾರಿಸುತ್ತಾರೋ ನೋಡೋಣ.

ತೋಜಿನಿಸೊ


ಮೇಲಿನ ಹಳ್ಳಿ
12 ಜನವರಿ 1997

ಅಪಾ,

ಸಲಾಮು. ಇದಿಬೆಕ್ ಒಲೆಯ ಪಕ್ಕದಲ್ಲಿ ಮಲಗಿದ್ದಾನೆ. ನನ್ನ ಶೂರ್ಬಾ ಕುಡಿದು, "ಆ ಅಜ್ಜಿದು ಇನ್ನೂ ಗಟ್ಟಿ ಇರ್ತಿತ್ತು" ಎಂದ. ಬಡಿದು ಹಾಕಬೇಕೆನಿಸಿತು. ಬಡಿಯಲು ಮಗ ಎದುರಿಗಿದ್ದಾನಲ್ಲ ಎಂದು ಸುಮ್ಮನಾದೆ.

ಕಮೋಲ್ ಹೇಗೆ ಬಗ್ಗಿದ ಎಂದು ನಿಮಗೆ ಹೇಳಲೇ ಇಲ್ಲ. ನೀವು ಬಾಗಿಲು ಕಟ್ಟಿದಿರಿ, ನಾವು ಒಲೆ ಆರಿಸಿದೆವು. ಹಳ್ಳಿಯ ಹೆಂಗಸರಿಗೆಲ್ಲ ಹೇಳಿದೆ, ಒಬ್ಬಳೂ ತಂದೂರ್ ಹಚ್ಚಲಿಲ್ಲ. ಅವನ ಜನ ಹಸಿ ಹಿಟ್ಟು ಕೈಯಲ್ಲಿ ಹಿಡಿದುಕೊಂಡು ಮನೆಮನೆ ತಿರುಗಿದರು. "ಅಮ್ಮಾ, ಯುದ್ಧದಲ್ಲಿ ಇದೆಲ್ಲ ಮಾಡಬಾರದು" ಎಂದ ಕಮೋಲ್. "ನಾನು ಯುದ್ಧ ಮಾಡ್ತಿಲ್ಲ ಕಣೋ, ರೊಟ್ಟಿ ಮಾಡ್ತಿಲ್ಲ, ಅಷ್ಟೆ" ಎಂದೆ. ನಾಲ್ಕನೆಯ ದಿನ ನಿಮ್ಮ ರಾಯಿಸನೇ ಕುರ್ಚಿಯಿಂದ ಎದ್ದು, "ಒಬ್ಬನಿಗೆ ಒಬ್ಬ ಅಂತ ಒಪ್ಕೋ ಮಾರಾಯ, ನನಗೂ ಹಸಿವು" ಎಂದನಂತೆ.

ಒಂದು ಮಾತು ಮನಸ್ಸಿನಲ್ಲಿ ಕೊರೆಯುತ್ತಿದೆ. ಸೇತುವೆಯ ಮಧ್ಯದಲ್ಲಿ ನಾನು ನಿಮ್ಮನ್ನು ತಬ್ಬಿಕೊಳ್ಳಲು ಬಂದೆ. ನೀವು ಇದಿಬೆಕ್‌ನನ್ನು ನನ್ನ ಕಡೆ ತಳ್ಳಿ, ನಿಮ್ಮ ಮಗನ ಕಿವಿ ಹಿಡಿದುಕೊಂಡು ತಿರುಗಿಯೂ ನೋಡದೆ ಹೋದಿರಿ. ಒಂದು ಮಾತೂ ಆಡಲಿಲ್ಲ. ಕಾಗದದಲ್ಲಿ ಅಷ್ಟು ಬಾಯಿ, ಎದುರಿಗೆ ಇಲ್ಲ. ಅವನ ಕುಂಟು ನೋಡಿ ನನ್ನ ಮೇಲೆ ಸಿಟ್ಟು ಬಂತೇ?

ಗುಲಂದೋಮ್


ವಖ್ಶ್ ಬಯಲು
24 ಜನವರಿ 1997

ತಂಗಿ ಗುಲಂದೋಮ್,

ಸಿಟ್ಟಲ್ಲ, ಮಣ್ಣೂ ಅಲ್ಲ. ಬಾಯಿ ಬಿಟ್ಟಿದ್ದರೆ ಅತ್ತುಬಿಡುತ್ತಿದ್ದೆ. ಎರಡು ಕಡೆಯ ಬಂದೂಕಿನವರ ಮುಂದೆ ತೋಜಿನಿಸೊ ಅತ್ತಳು ಎಂದಾಗುವುದು ಬೇಡ ಎಂದು ಹಲ್ಲು ಕಚ್ಚಿ ನಡೆದೆ. ಸೇತುವೆ ದಾಟಿದ ಮೇಲೆ ಟ್ರಕ್ಕಿನ ಹಿಂದೆ ನಿಂತು ಬೇಕಾದಷ್ಟು ಅತ್ತೆ. ಇದನ್ನು ನಿನ್ನಲ್ಲೇ ಇಟ್ಟುಕೋ.

ನಮ್ಮ ದಡದಲ್ಲಿ ಆದದ್ದನ್ನು ನೀನು ನೋಡಬೇಕಿತ್ತು. ಕರ್ನಾಯ್ ಊದಿದರು, ಆಳುದ್ದದ ಕಹಳೆ, ನಿನ್ನ ಕಡೆಗೂ ಕೇಳಿಸಿರಬೇಕು. ತಮಟೆ, ಕುಣಿತ, ಶೆರಲಿ ಹುಚ್ಚನ ಹಾಗೆ ಟೋಪಿಯನ್ನು ಮೇಲಕ್ಕೆ ಎಸೆದು ಹೊಳೆಗೇ ಬೀಳಿಸಿಕೊಂಡ. ಝರೀಫನನ್ನು ಹೆಗಲ ಮೇಲೆ ಹೊತ್ತು ಟ್ರಕ್ಕಿಗೆ ಹತ್ತಿಸಿದರು. ಹತ್ತಿದವನೇ ಭಾಷಣ ಶುರು ಮಾಡಿದ. "ಹಿಮ ಕರಗ್ಲಿ, ಆ ಕಣಿವೆ ದಾರಿ ನಮ್ಮದು!" ಎಂದು ಕೈ ಎತ್ತಿದ. ಮುಂದಿನ ಮಾತು ಬರುವುದರೊಳಗೆ ಕೆಳಗಿನಿಂದ ಕೂಗಿದೆ: "ಅಲ್ಲೋ, ದಾರಿ ನಿನ್ನದಾಗಿದ್ರೆ ಅಲ್ಲಿ ಸಿಕ್ಕಿ ಹಾಕ್ಕೊಂಡದ್ದು ಯಾಕೋ? ಇಳಿ, ನಿನ್ನ ಹೆಂಡತಿ ಕಾಯ್ತಿದಾಳೆ." ಇಡೀ ದಡ ನಕ್ಕಿತು. ಅವನೂ ನಕ್ಕ. ಇಳಿದ. ನಿಗೋರಾ ಎಲ್ಲರ ಮುಂದೆ ಅವನ ತೋಳು ಹಿಡಿದುಕೊಂಡಳು, ನಮ್ಮ ಊರಲ್ಲಿ ಹಾಗೆ ಯಾರೂ ಮಾಡುವುದಿಲ್ಲ, ಯಾರೂ ಏನೂ ಅನ್ನಲಿಲ್ಲ.

ಈಗ ಗಟ್ಟಿ ಮಾತು. ಮೊನ್ನೆ ಸಂಜೆ ಉಪವಾಸ ಬಿಡುವಾಗ ಝರೀಫ್ ಖರ್ಜೂರ ಕೈಯಲ್ಲೇ ಹಿಡಿದು ಕೂತಿದ್ದ. "ಏನೋ?" ಎಂದೆ. "ಅಮ್ಮಾ, ಅಲ್ಲಿ ನಾನೊಬ್ಬನೇ ಇರ್ಲಿಲ್ಲ. ಗೋಡೆಯಾಚೆ ಇನ್ನೂ ಮೂವರಿದ್ರು. ಒಬ್ಬ ಬಸ್ ಡ್ರೈವರ್. ರಾಯಿಸ್ ಹೋದ್ರೆ ನಮ್ಮನ್ನ ಯಾರ್ ಕೇಳ್ತಾರೆ ಅಂತ ನಾನು ಹೊರಡೋ ದಿನ ಗೋಡೆ ತಟ್ಟಿದ" ಎಂದ. ಆಮೇಲೆ ಹೇಳಿದ್ದು ಕೇಳು: "ಹತ್ತು ಅಂತ ಹಟ ಹಿಡಿದದ್ದು ನನ್ನ ದೊಡ್ಡಸ್ತಿಕೆಗಲ್ಲ ಅಮ್ಮಾ. ಲೆಕ್ಕ ದೊಡ್ಡದಾದ್ರೆ ಅವರನ್ನೂ ಅದ್ರೊಳಗೆ ತೂರಿಸಬಹುದು ಅನ್ಕೊಂಡೆ." ನಾನು ಅವನನ್ನು ಜಂಬಗಾರ ಎಂದುಕೊಂಡಿದ್ದೆ. ಅರ್ಧ ಜಂಬ ಇತ್ತು, ಅದು ಬೇರೆ ಮಾತು.

ಗುಲಂದೋಮ್, ಆ ಮೂವರ ಮಾತನ್ನು ನೀನು ಯಾವ ಕಾಗದದಲ್ಲೂ ಬರೆಯಲಿಲ್ಲ. ನಾನೂ ಬರೆಯಲಿಲ್ಲ, ನಮ್ಮ ಜೈಲಿನಲ್ಲಿ ನಿಮ್ಮ ಕಡೆಯವರು ಇನ್ನೂ ನಾಲ್ವರಿದ್ದಾರೆ ಎಂದು. ನಿನ್ನ ಮಗನ ಪಾಲಿನ ಶೂರ್ಬಾ ಈಗ ಅವರಿಗೆ ಹೋಗುತ್ತಿದೆ.

ಬೆಳಿಗ್ಗೆಯಿಂದ ನನ್ನ ಬಾಗಿಲಲ್ಲಿ ಹೆಂಗಸರು. ಆ ಬಸ್ ಡ್ರೈವರನ ತಾಯಿ ಪಕ್ಕದ ಊರಿನಿಂದ ನಡೆದುಕೊಂಡು ಬಂದು ನನ್ನ ಸೆರಗು ಹಿಡಿದು, "ನೀವು ಕೂತ್ಕೊಂಡ್ರೆ ಬಿಡ್ತಾರಂತೆ ಅಕ್ಕಾ" ಎಂದಳು. "ಕೂತ್ಕೊಳ್ಳೋದು ಸುಲಭ ಕಣೇ, ಏಳೋದು ಕಷ್ಟ. ಹಾಸಿಗೆ ತಂದಿದ್ದೀಯಾ?" ಎಂದೆ. ತಂದಿದ್ದಳು.

ಝರೀಫ್ ಒಪ್ಪಿದ್ದಾನೆ. ಮೇಜಿನ ಮೇಲೆ ಪಿಸ್ತೂಲು ಇನ್ನೂ ಇದೆ, ಅದನ್ನು ತೆಗೆಸಲು ನನ್ನಿಂದ ಆಗಲಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಅದೇ ಮೇಜಿನ ಮೇಲೆ ನಾಲ್ವರನ್ನು ಬಿಡುವ ಕಾಗದಕ್ಕೆ ನನ್ನೆದುರೇ ಸಹಿ ಹಾಕಿದ. "ಅವರು ಮೂರು ಕೊಡ್ತಾರೆ, ನಾವು ನಾಲ್ಕು ಕೊಡೋದಾ?" ಎಂದು ಶೆರಲಿ ಕೇಳಿದ್ದಕ್ಕೆ ಝರೀಫನೇ, "ಒಂದು ನನ್ನ ಕಡೆಯಿಂದ, ಅಲ್ಲಿ ತಿಂದ ಆಲೂಗಡ್ಡೆಗೆ" ಎಂದ.

ಸೇತುವೆ ಅದೇ. ಉಪವಾಸ ಮುಗಿಯುವ ಹಬ್ಬದ ಮಾರನೆಯ ದಿನ. ಈ ಸಲ ಎಷ್ಟು ತಾಯಂದಿರು ಬರುತ್ತಾರೋ ಅಷ್ಟೂ ಜನ ಬರಲಿ. ಕಮೋಲ್ ಮೂವರನ್ನೂ ಬಿಡುತ್ತಾನೋ ಇಲ್ಲವೋ ನೀನೇ ಕೇಳಿ, ಹೌದು ಅಥವಾ ಇಲ್ಲ ಎಂದು ಬರೆ. ಸುತ್ತು ಮಾತು ಬೇಡ. ಫೆಬ್ರವರಿ ಐದರೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.

ತೋಜಿನಿಸೊ